ಹಳದಿಗೆ ತಿರುಗದ ನೀರು

"ಆ ಬಾಟಲಿ ಕೆಳಗಿಡಿ."

ಬಾಗಿಲಲ್ಲಿ ನಿಂತ ಅವಳ ದನಿಗೆ ಅವನು ಬೆಚ್ಚಿಬಿದ್ದ. ಪ್ರಯೋಗಾಲಯಕ್ಕೆ ಇನ್ನೂ ಬೇರೆ ಯಾರೂ ಬಂದಿರಲಿಲ್ಲ. ಅವಳ ಮೇಜಿನ ಮುಂದೆ ಅವಳದೇ ಬಾಟಲಿ ಹಿಡಿದು ನಿಂತಿದ್ದವನು, ಪಕ್ಕದ ಕೋಣೆಯಲ್ಲಿ ಜೀವಕೋಶ ಬೆಳೆಸುವ ಹೊಸಬ!

ಎದುರು ಸಿಕ್ಕಾಗ ಒಂದು ಕಿರುನಗೆ, ಅಷ್ಟೇ ಇಬ್ಬರ ಪರಿಚಯ. ಆ ನಗೆಯನ್ನೇ ನೆನೆದು ಅವಳು ಎಷ್ಟೋ ಸಂಜೆ ಖುಷಿಪಟ್ಟಿದ್ದಳು. ಈಗ ಮೈಯೆಲ್ಲ ಉರಿಯಿತು.

ಉರಿಯದೆ ಇನ್ನೇನು? ಅವಳ ಕೆಲಸ ಫಾಸ್ಫಟೇಸ್ ಎಂಬ ಕಿಣ್ವದ್ದು. ಕೋಶದೊಳಗಿನ ಪ್ರೋಟೀನಿಗೆ ಫಾಸ್ಫೇಟ್ ಅಂಟಿದರೆ ಎಷ್ಟೋ ಸಲ ಅದು 'ಏಳು, ಕೆಲಸ ಮಾಡು' ಎಂಬ ಸಂದೇಶ. ಆ ಫಾಸ್ಫೇಟನ್ನು ಕಿತ್ತು 'ಸಾಕು, ಸುಮ್ಮನಿರು' ಎನ್ನುವುದು ಈ ಕಿಣ್ವ. ಕಿಣ್ವ ಕೆಲಸ ಮಾಡಿದರೆ ಪರೀಕ್ಷೆಯ ನೀರು ಹಳದಿಯಾಗಬೇಕು.

ತಿಂಗಳಿಂದ ಆಗಿಲ್ಲ... ಈ ವಾರವೂ ಆಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ನೀರು ಹಳದಿಯಾಗುವ ಮುಂಚೆ ನಿನಗೇ ಕಾಮಾಲೆ ಬರುತ್ತೆ ಬಿಡು ಎಂದು ಅಕ್ಕ ಬೇರೆ ಕಾಡಿದ್ದಳು.

"ನನ್ನ ಕೆಲಸ ಹಾಳು ಮಾಡ್ತಿರೋದು ನೀವಾ?"

"ಅಯ್ಯೋ, ಇಲ್ಲ... ತೊಳೆಯೋ ದ್ರಾವಣ ಖಾಲಿಯಾಗಿರುತ್ತಲ್ಲ, ದಿನಾ ತುಂಬಿಸಿಡ್ತಿದ್ದೆ. ನಿಮಗೊಂದು ಕೆಲಸ ಕಡಿಮೆಯಾಗ್ಲಿ ಅಂತ."

"ಯಾವುದನ್ನ ತುಂಬಿಸ್ತಿದ್ರಿ?"

ಕೋಶ ತೊಳೆಯುವ ತಮ್ಮ ಉಪ್ಪುನೀರು ಎಂದ. ಅವಳು ಕುರ್ಚಿಯಲ್ಲಿ ಕುಸಿದಳು. ಆ ನೀರಿನ ತುಂಬ ಫಾಸ್ಫೇಟ್! ಫಾಸ್ಫೇಟ್ ಕೀಳಬೇಕಾದ ಕಿಣ್ವವನ್ನು ಫಾಸ್ಫೇಟಿನಲ್ಲೇ ಮುಳುಗಿಸಿದರೆ ಅದಕ್ಕೆ ಕೈ ಬಿಡುವಾಗುವುದೆಲ್ಲಿ? ಸಹಾಯಕರು ತುಂಬಿಸುತ್ತಾರೆಂದುಕೊಂಡು ಅವಳೂ ವಿಚಾರಿಸಿರಲಿಲ್ಲ.

"ನಿಮ್ಮ ಉಪಕಾರಕ್ಕಿಷ್ಟು ಬೆಂಕಿ ಹಾಕ! ಹೊರಗೆ ಹೋಗಿ."

ಅವನು ಬಾಟಲಿ ಕೆಳಗಿಟ್ಟು ಹೋದ.

ಹಲ್ಲು ಕಚ್ಚಿ ಬೇರೆ ದ್ರಾವಣ ಮಾಡಿಕೊಂಡಳು. ಮೊದಲಿಂದ ಎಲ್ಲ ಮಾಡಿದಳು. ಮಧ್ಯಾಹ್ನ ದಾಟಿದ ಮೇಲೆ ನೀರು ಹಳದಿಗೆ ತಿರುಗಿತು. ಆ ಖುಷಿಯಲ್ಲಿ ಮೊದಲು ನೆನಪಾದದ್ದು ಅವನ ಮುಖವೇ. ಅಯ್ಯೋ, ಎಂಥ ಮಾತಾಡಿಬಿಟ್ಟೆ!

ಬಾಗಿಲಲ್ಲಿ ಅವನೇ ನಿಂತಿದ್ದ. ತಪ್ಪು ತನ್ನದೆಂದು ಮೇಡಂಗೆ ಹೇಳಿ ಬಂದಿದ್ದ. ಅವರು ಚೆನ್ನಾಗಿ ಉಗಿದು, ಕೆಲಸ ಅವಳಲ್ಲೇ ಉಳಿಯಲಿ ಎಂದರಂತೆ. ಇವನು ಮಾತ್ರ ಇನ್ನು ಈ ಕೋಣೆಗೆ ಕಾಲಿಡಬಾರದಂತೆ.

ಅವಳು ಕೈಗವಸು ಕಳಚಿಟ್ಟಳು. ಎದ್ದು ಹೊಸ್ತಿಲು ದಾಟಿ ಅವನ ಪಕ್ಕ ಹೋಗಿ ನಿಂತಳು.

"ಇನ್ಮೇಲೆ ನನಗೆ ಹೇಳದೆ ಏನೂ ಮಾಡ್ಬೇಡಿ."

"ಒಂದು ಮಾತ್ರ ಹೇಳದೆ ಆಗಲೇ ಮಾಡ್ಬಿಟ್ಟಿದೀನಿ..."

"ಏನು?"

"ನಿಮ್ಮನ್ನ ಇಷ್ಟಪಟ್ಟಿದ್ದು."

"ಅದನ್ನ ನಾನೂ ನಿಮಗೆ ಹೇಳ್ದೇನೇ ಮಾಡಿದ್ದು," ಎಂದಳು ಅವಳು.