ಮೇಜು ತಟ್ಟುವವರೆಗೆ

೧೯೫೮ರಲ್ಲಿ ನಾನು ಶಾಂತಿಗ್ರಾಮದಲ್ಲಿ ಕಾಂಪೌಂಡರ್ ಆಗಿದ್ದೆ. ಒಂದು ಮಧ್ಯಾಹ್ನ ಕಾನ್ವೆಂಟಿನ ಅಡುಗೆಯ ಬೆಟ್ಟಮ್ಮ ಓಡಿಬಂದಳು. "ಬಿರ್ನೆ ಬನ್ನಿ ಸಾ. ಬೆಳಗ್ಗೆ ಗಂಜಿಗೆ ಕೂತೋರು ಒಬ್ರೂ ಎದ್ದಿಲ್ಲ."

ಊಟದ ಮೇಜಿನ ತುದಿಯಲ್ಲಿ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಕುರ್ಚಿಯಲ್ಲೇ ಸತ್ತು ಸೆಟೆದಿದ್ದರು. ಒಂಬತ್ತು ಸಿಸ್ಟರುಗಳು ಆರಿದ ಗಂಜಿಯ ಮುಂದೆ ತಲೆತಗ್ಗಿಸಿ ಕೂತಿದ್ದರು. ಕಿರಿಯಳಾದ ಫಿಲೋಮಿನಾ ಜ್ವರದಿಂದ ನಡುಗುತ್ತಿದ್ದಳು.

"ಎದ್ದು ಮಲಗಿಕೊಳ್ಳಮ್ಮ, ಹೀಗೇ ಕೂತರೆ ಉಳಿಯುವುದಿಲ್ಲ," ಎಂದೆ. ಅವಳು ಒಲ್ಲೆನೆಂದು ತಲೆಯಾಡಿಸಿದಳು.

"ಮದರ್ ಮೇಜು ತಟ್ಟೋಗಂಟ ಏಳಂಗಿಲ್ಲ ಸಾ," ಎಂದಳು ಬೆಟ್ಟಮ್ಮ. "ಇಲ್ಲಿ ಅದೇ ಕಟ್ಟಳೆ."

"ಸತ್ತವರು ತಟ್ಟುವುದುಂಟೇನಮ್ಮ?" ಎನ್ನುತ್ತ ಮದರ್ ಅವರ ಎರಡೂ ಕೈ ಹಿಡಿದು ಎದೆಯ ಮೇಲೆ ಜೋಡಿಸಹೊರಟೆ.

ಮೇಜಿನ ಮೇಲೆ ಮೂರು ಸಲ ತಟ್ಟಿದ ಸದ್ದಾಯಿತು.

ಒಂಬತ್ತೂ ಜನ ಒಟ್ಟಿಗೇ ಎದ್ದು ಶಿಲುಬೆಯ ಗುರುತು ಹಾಕಿಕೊಂಡರು. ಫಿಲೋಮಿನಾ ಬದುಕಿದಳು. ಆದರೆ ಆ ಸದ್ದಾದಾಗ ಮದರ್ ಅವರ ಎರಡೂ ಕೈ ನನ್ನ ಕೈಯಲ್ಲೇ ಇದ್ದವು.