ಅಪ್ಪನ ಹೆಸರಿಗೆ ಬಂದ ಸರ್ಟಿಫಿಕೇಟ್

"ಅಮ್ಮಾ, ಇಲ್ಲಿ ಒಬ್ಳು ಕೂತವಳೆ. ಬಾಯಿ ರೊಂಬ ಉದ್ದ, ಕೆಲ್ಸ ಮಾತ್ರ ಸೊನ್ನೆ!"

ಫೋನಿನಲ್ಲಿ ಹೀಗೆ ಹೇಳಿದವನು ವಿಮಲ್, ತಿರುಪ್ಪೂರಿನ ಕನ್ನಡ ಮಾತಾಡುವ ನೇಕಾರರ ಮನೆಯ ಹುಡುಗ, ನರ್ಸ್. ಅಷ್ಟು ಹೊತ್ತು ತಮಿಳಿನಲ್ಲಿ ಜಗಳವಾಡಿ, ಈಗ ಯಾರಿಗೂ ತಿಳಿಯದೆಂದು ಕನ್ನಡಕ್ಕೆ ಹೊರಳಿದ್ದ.

ಹೊರದೇಶದ ಕೆಲಸಕ್ಕೆ ಕಳಿಸುವ ತುಡಿಯಲೂರಿನ ಆ ಕನ್ಸಲ್ಟೆನ್ಸಿಯ ಮೇಜಿನಾಚೆ ತೆನ್ಮೊಳಿ ತಲೆ ಎತ್ತಿದಳು.

"ಉದ್ದ ಬಾಯಿಯವಳಿಗೆ ಕಿವೀನೂ ಐತೆ!"

ಅವನ ಮುಖ ನೋಡಬೇಕಿತ್ತು! ಪಾಪ, ಫೋನ್ ಕೈಜಾರಿ ಬಿತ್ತು.

ಅವಳಿಗೆ ನಗು ಬಂತು... ಹಿಂದೆಯೇ ಕಣ್ಣೂ ತುಂಬಿತು. ತೊಂಡಾಮುತ್ತೂರಿನ ಅಜ್ಜಿ ಕನ್ನಿಯಮ್ಮಾಳ್ ತೀರಿಕೊಂಡ ಮೇಲೆ ಅವಳ ಜೊತೆ ಕನ್ನಡದಲ್ಲಿ ಜಗಳವಾಡುವವರೂ ಇರಲಿಲ್ಲ. ಹಾಸ್ಟೆಲಿನ ಕೋಣೆ, ಈ ಮೇಜು, ಮತ್ತೆ ಅದೇ ಕೋಣೆ. ಎಷ್ಟೋ ದಿನ ಅವಳು ಕನ್ನಡದ ಒಂದು ಮಾತನ್ನೂ ಆಡದೆ ಮಲಗಿದ್ದಳು.

"ಇಂಗ್ಲೆಂಡಿಂದ ಸರ್ಟಿಫಿಕೇಟ್ ಯಾವಾಗುಂಗ ಬರೋದು?" ಅವನು ಮೆತ್ತಗಾಗಿ, ತಮಿಳಿನ ಮರ್ಯಾದೆಯ ‘ಉಂಗ’ ಸೇರಿಸಿ ಕೇಳಿದ.

"ಅಲ್ಲಿ ಆಸ್ಪತ್ರೆಯವರ ಹತ್ರ ಹೊರಗಿನೋರನ್ನ ಕರ್ಸೋ ಲೈಸೆನ್ಸ್ ಇರ್ಬೇಕು. ಆಮೇಲೆ ಇಂಥ ಕೆಲ್ಸ, ಇಷ್ಟು ಸಂಬಳ ಅಂತ ನಿಮ್ಮ ಒಬ್ರಿಗಾಗಿ ಅಲ್ಲಿನ ಸರ್ಕಾರನ ಕೇಳ್ಬೇಕು. ಸರ್ಕಾರ ಒಪ್ಪಿದ್ರೆ ಒಂದು ನಂಬರ್ ಬತ್ತದೆ. ಅದೇ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್."

"ಕಾಗದ ಇಲ್ವಾ? ಅಮ್ಮ ಸಾಮಿ ರೂಮಲ್ಲಿ ಜಾಗ ಮಾಡಿ ಕಾಯ್ತವಳೆ!"

ಇಬ್ಬರೂ ನಕ್ಕರು. ಆಸ್ಪತ್ರೆಯವರಿಗೆ ಕಳಿಸಬೇಕಾದ ಫಾರಂ ಅನ್ನು ಅವತ್ತೇ ಅವಳು ತುಂಬಿದಳು. ಅವನು ಓದಿ, ಸಹಿ ಮಾಡಿ ಹೋದ.

ಆಮೇಲೆ ಅವನು ವಾರಕ್ಕೆರಡು ಸಲ ಬರತೊಡಗಿದ. ಒಮ್ಮೆ ಫೋಟೊ ಕೊಡಲು, ಒಮ್ಮೆ ಸುಮ್ಮನೆ ಏನೋ ಕೇಳಲು. ಅವನು ಬಾರದ ದಿನ ಅವಳಿಗೆ ಆಫೀಸು ಬಿಕೋ ಅನ್ನುತ್ತಿತ್ತು.

ಮೂರನೇ ತಿಂಗಳು ನಂಬರ್ ಬಂತು. ತೆನ್ಮೊಳಿ ವಿವರವನ್ನು ಎರಡೆರಡು ಸಲ ಓದಿದಳು.

ಮಗನ ಹೆಸರಿನ ಜಾಗದಲ್ಲಿ ಅಪ್ಪ ತಿರುಮಲೈಸಾಮಿ, ಅಪ್ಪನ ಹೆಸರಿನ ಜಾಗದಲ್ಲಿ ಮಗ!

ತಪ್ಪು ಅವಳದೇ. ಇಲ್ಲೆಲ್ಲ ಅಪ್ಪನ ಹೆಸರಿನ ಮೊದಲಕ್ಷರ ಮುಂದೆ, ಮಗನ ಹೆಸರು ಹಿಂದೆ. ಫಾರಂನಲ್ಲಿ ‘ಮೊದಲ ಹೆಸರು’ ಎಂದಿದ್ದ ಕಡೆ, ಎದುರು ಕೂತವನ ಹರಟೆ ಕೇಳುತ್ತಾ ಅವಳು ಅಪ್ಪನನ್ನೇ ಬರೆದಿದ್ದಳು. ಪಾಸ್‌ಪೋರ್ಟಿಗೂ ಇದಕ್ಕೂ ತಾಳೆಯಾಗದಿದ್ದರೆ ವೀಸಾ ನಿಂತೇಹೋಗಬಹುದು.

ಸುಮ್ಮನಿದ್ದುಬಿಟ್ಟರೆ...? ಅವನು ಹೋಗುವುದಿಲ್ಲ. ಇಲ್ಲೇ ಇರುತ್ತಾನೆ...

ಆ ಆಸೆಗೆ ಅವಳಿಗೇ ನಾಚಿಕೆಯಾಯಿತು. ಕೂಡಲೇ ಆಸ್ಪತ್ರೆಗೆ ಬರೆದಳು. ಎರಡೇ ದಿನಕ್ಕೆ ಅವರು ತಿದ್ದುಪಡಿಯ ಟಿಪ್ಪಣಿ ಸೇರಿಸಿದರು.

ವಿಮಲ್ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಅವನ ಮುಖ ಕಪ್ಪಿಟ್ಟಿತು.

"ಸರಿನೂ ಮಾಡಾಯ್ತಾ? ಅಷ್ಟು ಅವಸರವಾ ನಿಮಗೆ?"

ನಂಬರ್ ಬರೆದುಕೊಂಡು ಎದ್ದು ಹೋದ. ತಪ್ಪು ಮಾಡಿದ್ದಕ್ಕೆ ಚುಚ್ಚಿ ಆಡಿದನೆಂದೇ ಅವಳು ತಿಳಿದಳು.

ಆಮೇಲೆ ಅವನು ಬರಲಿಲ್ಲ. ಫೋನೂ ಇಲ್ಲ. ಐದು ವಾರ ಕಳೆದು ಆಫೀಸಿನ ಯಜಮಾನ ಧನಪಾಲ್ "ತಿರುಪ್ಪೂರು ಹುಡುಗನಿಗೆ ವೀಸಾ ಆಯ್ತು" ಎಂದಾಗ, "ಒಳ್ಳೇದು ಸಾರ್" ಎಂದು ಅವಳು ಬಾತ್‌ರೂಮಿಗೆ ಹೋಗಿ ಅತ್ತಳು. ಎಷ್ಟೋ ಜನರನ್ನು ವಿಮಾನ ಹತ್ತಿಸಿದ್ದಳು, ತಾನು ಹಿಂದೆ ಉಳಿದೆ ಅನಿಸಿದ್ದು ಇದೇ ಮೊದಲು.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಅವನೇ ನಿಂತಿದ್ದ!

"ಒಂದು ನಿಜ ಹೇಳ್ಬೇಕು, ತೆನ್ಮೊಳಿ. ಆ ಫಾರಂಗೆ ಸಹಿ ಹಾಕುವಾಗ್ಲೇ ನಾನು ಆ ತಪ್ಪು ನೋಡಿದ್ದೆ."

"ಆಂ? ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಗ ಮುಗೀತಿತ್ತಲ್ಲ... ತಪ್ಪಿದ್ರೆ ಇನ್ನೂ ನಾಲ್ಕು ಸಲ ನಿನ್ನ ನೋಡೋಕೆ ಬರ್ಬೋದಿತ್ತು. ನೀನು ಎರಡೇ ದಿನಕ್ಕೆ ಸರಿ ಮಾಡ್ಬಿಟ್ಟೆ! ಇವಳಿಗೆ ನಾನು ಹೋದ್ರೆ ಸಾಕು ಅಂದ್ಕೊಂಡೆ."

ಅವಳು ಮೇಜು ನೋಡುತ್ತಾ ಹೇಳಿದಳು. "ನೀವು ಹೋಗೋದು ಬೇಡಾಂತ ಅವತ್ತು ಸುಮ್ನಿದ್ಬಿಡೋಣ ಅಂದ್ಕೊಂಡಿದ್ದೆ... ಆಮೇಲೆ ನಾಚಿಕೆ ಆಯ್ತು."

ವಿಮಲ್ ಅವಳನ್ನೇ ನೋಡಿದ. ಮೇಜಿನ ಮೇಲಿದ್ದ ಅವಳ ಕೈ ಹಿಡಿದುಕೊಂಡ.

"ಹೆಂಡ್ತೀನ ಕರ್ಸ್ಕೋಬೇಕಂದ್ರೆ ಅವಳಿಗೂ ಸ್ಪಾನ್ಸರ್‌ಶಿಪ್ ಬೇಕಾ, ಮೇಡಂ?"

"ಬೇಡ..." ಅವಳು ಅಳುತ್ತಲೇ ನಕ್ಕಳು. "ಮದ್ವೆ ಸರ್ಟಿಫಿಕೇಟ್ ಬೇಕು."

"ಹಂಗಾದ್ರೆ ಎದ್ದು ಬಾ. ಅಮ್ಮ ಹೊರಗೆ ಆಟೋದಲ್ಲಿ ಕೂತವಳೆ."

"ಅಯ್ಯೋ, ಈ ಬಿಸಿಲಲ್ಲಾ! ಒಳಗೆ ಕರ್ಕೊಂಡು ಬರೋದಲ್ವಾ?"

"ನೀನು ಆಗಲ್ಲ ಅಂದಿದ್ರೆ... ಅವಳ ಎದುರಿಗೆ ಅಳೋಕೆ ಆಗ್ತಿರ್ಲಿಲ್ಲ, ಅದಕ್ಕೆ."