ಶಿವಗಂಗಕ್ಕೋರು ಕೊಟ್ಟು ಹೋದದ್ದು

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತನ್ನು ಹಿರಿಯರು ತನ್ನ ದೊಡ್ಡವ್ವನನ್ನು ನೋಡಿಯೇ ಕಟ್ಟಿರಬೇಕು ಎಂದು ಹೊಳಬಸಪ್ಪನಿಗೆ ಅನ್ನಿಸಿದ್ದು ಗುರುವಾರ ಸಂಜೆ. ಇಳಕಲ್ಲಿನ ಅರ್ಧ ಊರಿಗೆ ಅಕ್ಷರ ಕಲಿಸಿ ನಿವೃತ್ತರಾದ ಶಿವಗಂಗಕ್ಕೋರು, ಅವನ ಕೈಗೆ ಚಹಾ ಕೊಟ್ಟು, ಬಸ್ ನಿಲ್ದಾಣದ ಬಗಲಿನ ಆರು ಗುಂಟೆ ಜಾಗವನ್ನು ಒಂದೇ ಉಸಿರಿನಲ್ಲಿ ದಾನ ಮಾಡಿಬಿಟ್ಟರು.

"ಮನಿಮನಿಗೂ ಮಗ್ಗದ ಸಪ್ಪಳ. ನಮ್ಮ ಹುಡುಗ್ಯಾರು ಎಲ್ಲಿ ಕುಂತು ಓದಬೇಕಪಾ? ನನ್ನ ಹಿಂದ ಆ ಜಾಗಾದಾಗ ಅವರಿಗೊಂದು ಓದೂ ಮನಿ ಆಗ್ಲಿ. ಶಿರೀಷ ವಕೀಲರು ಮೃತ್ಯುಪತ್ರ ಬರದಿಟ್ಟಾರ. ಸೋಮವಾರ ಹುನಗುಂದದ ರಿಜಿಸ್ಟರ್ ಆಫೀಸಿಗೆ ಹೋಗಿ ಸಹಿ ಹಾಕ್ತೇನಿ. ನಿನ್ನ ಗಾಡಿ ತಗೊಂಡು ಬಾ."

"ಆಗ್ಲಿ ದೊಡ್ಡವ್ವ," ಎಂದ ಹೊಳಬಸಪ್ಪ. ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಹೊಟ್ಟೆ ಉರಿಯದೆ ಇರುತ್ತದೆಯೇ? ದೊಡ್ಡಪ್ಪ ತೀರಿಕೊಂಡಾಗ ಮಗನ ಜಾಗದಲ್ಲಿ ನಿಂತು ಮಣ್ಣು ಕೊಟ್ಟವನು ಅವನು. ಇಪ್ಪತ್ತು ವರ್ಷ ಮುದುಕಿಯನ್ನು ದವಾಖಾನೆಗೆ ಕರೆದೊಯ್ದವನು, ಗ್ಯಾಸ್ ಸಿಲಿಂಡರ್ ಹೊತ್ತವನು ಅವನು. ಮಕ್ಕಳಿಲ್ಲದವಳ ಆಸ್ತಿ ಇನ್ನಾರಿಗೆ? ಆ ಜಾಗದಲ್ಲಿ ಕಟ್ಟಬೇಕಾದ ಲಾಡ್ಜಿಗೆ ಹೆಸರು, ಗೋಡೆಯ ಬಣ್ಣ ಎಲ್ಲವನ್ನೂ ಆರಿಸಿಟ್ಟಿದ್ದ. ಈಗ ಅಲ್ಲಿ ಕಂಡವರ ಹುಡುಗಿಯರು ಪುಸ್ತಕ ಹಿಡಿದು ಕೂರುತ್ತಾರಂತೆ!

ಶುಕ್ರವಾರ ಶಿರೀಷ ವಕೀಲರನ್ನು ಚಹಾದಂಗಡಿಯಲ್ಲಿ ಹಿಡಿದು, ಬೇರೆ ಯಾರದೋ ವ್ಯಾಜ್ಯವೆಂಬಂತೆ ಕೇಳಿದ. "ಸಹಿ ಇಲ್ಲಂದ್ರ ಅದು ಬರೇ ಕಾಗದದ ಹಾಳಿರಿ. ಆಸ್ತಿ ವಾರಸದಾರರಿಗೇ ಹೋಗ್ತದ," ಎಂದರು ವಕೀಲರು. ವಾರಸದಾರನೆಂದರೆ ಅವನೊಬ್ಬನೇ. ಆದರೆ ಹೇಳುವಾಗ ವಕೀಲರು ಚಹಾದ ಬಸಿಯಿಂದ ತಲೆಯೆತ್ತಿ ತನ್ನನ್ನು ಯಾಕೆ ನೋಡಿದರು ಎಂಬುದು ಮನೆ ಮುಟ್ಟುವ ತನಕ ಅವನನ್ನು ಕೊರೆಯಿತು.

ಕೆಲಸ ಹಗಲಿನಲ್ಲೇ ಆಗಬೇಕೆಂದು ನಿಶ್ಚಯಿಸಿದ. ರಾತ್ರಿ ಓಣಿ ಮಲಗಿದಾಗ ಇರುವೆ ನಡೆದರೂ ಕೇಳುತ್ತದೆ. ಮಧ್ಯಾಹ್ನವೋ, ಅಕ್ಕಪಕ್ಕದ ಪವರ್‌ಲೂಮುಗಳ ಅಬ್ಬರಕ್ಕೆ ಕೂಗಿದರೂ ಯಾರಿಗೂ ಕೇಳದು. ಉಂಡು ಒಂದು ಗಂಟೆಗೆ ಅಡ್ಡಾಗುವುದು ದೊಡ್ಡವ್ವನ ರೂಢಿ. ಹಿತ್ತಲ ಬಾಗಿಲಿನ ಕೀಲಿ ಅವನಲ್ಲಿತ್ತು. ವಯಸ್ಸು ಎಪ್ಪತ್ತೆಂಟು, ಎದೆನೋವಿಗೆ ಗುಳಿಗೆ ನಡೆದಿತ್ತು. ಇಂಥ ಸಾವಿಗೆ ಡಾಕ್ಟರನ್ನು ಯಾರು ಕರೆಯುತ್ತಾರೆ? ಸೆಟೆದು ಕಟ್ಟಿಗೆಯಾಗುವ ಮುಂಚೆ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು, ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡುವುದು ಅವರ ಮನೆತನದ ಪದ್ಧತಿ. ಮಣ್ಣು ಬಿದ್ದಮೇಲೆ ಮುಗಿಯಿತು.

ಶನಿವಾರ ಹಾಗೆಯೇ ಮಾಡಿದ. ತಲೆದಿಂಬು ಮೆತ್ತಗಿತ್ತು, ಮುದುಕಿಯ ಕೈಯಲ್ಲಿ ಬಲವಿರಲಿಲ್ಲ. ಆಮೇಲೆ ದಿಂಬನ್ನು ತಿರುವಿ ತಲೆಯ ಕೆಳಗಿಟ್ಟ, ಸೆರಗು ಸರಿಪಡಿಸಿದ, ಗುಳಿಗೆಯ ಪಟ್ಟಿಯನ್ನು ಕೈಗೆಟಕುವಂತೆ ಇಟ್ಟ. ಒಂದೂವರೆಗೆ ತನ್ನ ಪೈಪಿನ ಅಂಗಡಿಯಲ್ಲಿ ಕುಳಿತು ಗಿರಾಕಿಯೊಬ್ಬನ ಜೊತೆ ಚೌಕಾಸಿ ಮಾಡುತ್ತಿದ್ದ.

ಎರಡಕ್ಕೆ ಫೋನು ಬಂತು, ಅಕ್ಕೋರು ಎಬ್ಬಿಸಿದರೂ ಏಳುತ್ತಿಲ್ಲ ಎಂದು. ಪಕ್ಕದ ಮನೆಯ ನೇಕಾರ್ತಿ ಮುಮ್ತಾಜ, ಅಕ್ಕೋರ ಹಳೆಯ ವಿದ್ಯಾರ್ಥಿನಿ. ಅವನು ಓಡಿಬಂದು ಎದೆ ಬಡಿದುಕೊಂಡು ಅತ್ತ.

"ಮುಂಜಾನಿ ನಕ್ಕೋತ ಮಾತಾಡಿದ್ರಲ್ರೀ," ಎಂದಳು ಮುಮ್ತಾಜ, ಅವನನ್ನೇ ನೋಡುತ್ತ.

"ಎದಿ ನೋವಿತ್ತಲ್ಲವಾ! ನಾ ಏನ್ ಮಾಡ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಏನು ಮಾಡಿದೆ ಎಂದು ಅವಳೆಲ್ಲಿ ಕೇಳಿದ್ದಳು? ಅವಳು ಹೊರಗೆ ಹೋಗಿ ಯಾರಿಗೋ ಫೋನು ಮಾಡುವುದು ಕಿಟಕಿಯಲ್ಲಿ ಕಂಡಿತು. ಹೊಳಬಸಪ್ಪ ಅವಸರ ಮಾಡಿದ. ಕುಣಿ ತೋಡುವವರಿಗೆ ಹೇಳಿಕಳಿಸಿದ, ಭಜನೆಯವರನ್ನು ಕರೆಸಿದ. ಮೂರೂವರೆಗೆ ಅಕ್ಕೋರು ಗೋಡೆಗೆ ಒರಗಿ, ಹೂಮಾಲೆಯಲ್ಲಿ ಕುಳಿತಿದ್ದರು. ಬಂದವರೆಲ್ಲ ಕಾಲು ಮುಟ್ಟಿ, ಎಂಥಾ ಪುಣ್ಯದ ಸಾವು ಎಂದರು. ಒಬ್ಬೊಬ್ಬರ ಮುಖವನ್ನೂ ಅವನು ಸೋಸಿ ನೋಡಿದ. ಯಾರಲ್ಲೂ ಸಂಶಯದ ಸುಳಿವಿರಲಿಲ್ಲ.

ನಾಲ್ಕೂವರೆಗೆ ಬಾಗಿಲಿಗೆ ಕಾರು ನಿಂತಿತು. ಇಳಿದವರು ಶಿರೀಷ ವಕೀಲರು. ಹಿಂದೆ ಬೆಳ್ಳಗಿನ ಪೆಟ್ಟಿಗೆ ಹಿಡಿದ ಒಬ್ಬ ಹೆಂಗಸು. ಹೊಳಬಸಪ್ಪ ವಕೀಲರ ಕೈಯಲ್ಲಿ ಕಾಗದವಿದೆಯೇ ಎಂದು ನೋಡಿದ. ಸಹಿ ಆಗಿಹೋಗಿತ್ತೇ? ಮುದುಕಿ ತನಗೆ ಸೋಮವಾರ ಎಂದು ಹೇಳಿ ಶುಕ್ರವಾರವೇ ಮುಗಿಸಿದ್ದಳೇ?

"ಸಹಿ ಆಗಲಿಲ್ಲ, ಭಾಳ ಕೆಟ್ಟ ಅನಸ್ತದ," ಎಂದರು ವಕೀಲರು. "ಇವರು ಬಾಗಲಕೋಟಿಯಿಂದ ಬಂದಾರ, ಕಣ್ಣಿನ ಡಾಕ್ಟರು. ಅಕ್ಕೋರು ಹೋದ ವರ್ಷ ನೇತ್ರದಾನಕ್ಕ ಬರದು ಕೊಟ್ಟಿದ್ರು."

"ನಾನ ಸಾಕ್ಷಿ ಹಾಕೇನ್ರಿ," ಎಂದಳು ಮುಮ್ತಾಜ. "ಜೀವ ಹೋದ ಕೂಡ್ಲೆ ಇವರಿಗೆ ಫೋನ್ ಮಾಡು ಅಂತ ನನ್ನ ಕಡಿಂದ ಮಾತು ತಗೊಂಡಿದ್ರು."

ಅಷ್ಟೇಯೇ! ಹೊಳಬಸಪ್ಪನಿಗೆ ನಗು ಬಂದುಬಿಡುತ್ತಿತ್ತು. ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. ಹತ್ತಿರದ ಬಂಧು ಒಪ್ಪಿಗೆ ಕೊಡಬೇಕೆಂದು ಡಾಕ್ಟರು ಕಾಗದ ಮುಂದೆ ಹಿಡಿದಾಗ, ಬೇಡವೆಂದರೆ ಜನ ಏನಂದಾರು ಎಂದು ಒಂದು ಗಳಿಗೆ ಯೋಚಿಸಿದ. ಕಣ್ಣು ಊರಿಗಿರಲಿ, ಜಾಗ ತನಗಿರಲಿ. "ದೊಡ್ಡವ್ವನ ಆಸೆ ಅಂದ್ರ ನನಗ ದೇವರ ಮಾತಿದ್ದಂಗ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ದಪ್ಪಕ್ಷರದಲ್ಲಿ ಸಹಿ ಹಾಕಿದ. ಭಜನೆಯವರು ಭಲೆ ಎಂದರು.

ಡಾಕ್ಟರು ಅಕ್ಕೋರನ್ನು ಮಲಗಿಸಿ, ಎಡಗಣ್ಣಿನ ರೆಪ್ಪೆಯೆತ್ತಿ ಬ್ಯಾಟರಿ ಬಿಟ್ಟರು. ಬಲಗಣ್ಣನ್ನೂ ನೋಡಿದರು. ಮತ್ತೆ ಎಡಗಣ್ಣಿಗೆ ಬಂದು ಕೆಳರೆಪ್ಪೆಯನ್ನು ಹೊರಳಿಸಿ ಬಹಳ ಹೊತ್ತು ಬಾಗಿಯೇ ಇದ್ದರು. ಆಮೇಲೆ ಏನನ್ನೂ ಮುಟ್ಟದೆ ಪೆಟ್ಟಿಗೆ ಮುಚ್ಚಿ, "ವಕೀಲರ, ಪೊಲೀಸರಿಗೆ ಫೋನ್ ಹಚ್ರಿ. ಮಣ್ಣು ಇವತ್ತ ಆಗೂದಿಲ್ಲ," ಎಂದರು. ವಕೀಲರು ಬಗ್ಗಿ ನೋಡಿದರು, ಮುಮ್ತಾಜ ನೋಡಿದಳು, ಕೊನೆಗೆ ಹೊಳಬಸಪ್ಪನೂ ನೋಡಬೇಕಾಯಿತು. ಕಣ್ಣಿನ ಬಿಳಿಯ ತುಂಬ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕಿಗಳಿದ್ದವು. "ಇವು ಉಸಿರು ಕಟ್ಟಿಸಿದಾಗ ಏಳತಾವ," ಎಂದರು ಡಾಕ್ಟರು ಮೆಲ್ಲಗೆ. ದಿಂಬು, ಸೆರಗು, ಗುಳಿಗೆ, ಬಾಗಿಲು ಎಲ್ಲವನ್ನೂ ಎರಡೆರಡು ಸಲ ನೋಡಿದ್ದ ಹೊಳಬಸಪ್ಪ ಇದೊಂದನ್ನು ನೋಡಿರಲಿಲ್ಲ. ಆ ರೆಪ್ಪೆಗಳನ್ನು ಮುಚ್ಚುವಾಗ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ.